ಈಜುಕೊಳದ ರಸಿಕರಿಗೊಂದು ಕೈಪಿಡಿ

ದೀಪಾವಳಿ ಕಳೆದ ಮೇಲೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಊರೂರುಗಳಲ್ಲಿ ಹೋರಿ ಬೆದರಿಸುವ ಸ್ಪರ್ಧೆ ನಡೆಯುವಾಗ, ಕೊಬ್ಬರಿಯ ಸರ ಧರಿಸಿ ನುಗ್ಗಿ ಬರುವ ಹೋರಿಯ ಹೆಸರನ್ನೂ, ಹಿಂದಿನ ವರ್ಷ ಅದು ಯಾವ ಅಖಾಡದಲ್ಲಿ ಹೇಗೆ ಓಡಿತ್ತೆಂಬುದನ್ನೂ, ಜನಸಂದಣಿಯನ್ನು ಕಂಡಾಗ ಅದು ಎಡಕ್ಕೆ ಹೊರಳುವುದೋ ಬಲಕ್ಕೋ ಎಂಬುದನ್ನೂ ಬಲ್ಲ ಪ್ರೇಕ್ಷಕರು ಸಾವಿರಗಟ್ಟಲೆ ನೆರೆಯುತ್ತಾರೆ. ಅವರದು ಪಳಗಿದ ಕಣ್ಣು. ಆದರೆ ದೂರದರ್ಶನದಲ್ಲಿ ಪ್ಯಾರಾಲಿಂಪಿಕ್ ಈಜು ಬಂದಾಗ ಅದೇ ಕಣ್ಣು ಏನನ್ನು ನೋಡಬೇಕೆಂದು ತಿಳಿಯದೆ, ಇಲ್ಲದ ಕೈಯ ಮೇಲೋ ಸೊರಗಿದ ಕಾಲಿನ ಮೇಲೋ ನೆಟ್ಟು, ಮನಸ್ಸು ಮರುಕದಿಂದ ತುಂಬಿಹೋಗುತ್ತದೆ. ಮರುಕ ದುರ್ಗುಣವಲ್ಲ, ಆದರೆ ಈಜುಗಾರನು ವರ್ಷಗಟ್ಟಲೆ ಸಾಧಿಸಿ ನಮ್ಮ ಮುಂದಿಡುವ ಕಲೆಯನ್ನು ಅದು ಮರೆಮಾಡುತ್ತದೆಂಬುದೇ ನನ್ನ ಆಕ್ಷೇಪ. ಆ ಕಲೆಯನ್ನು ಕಾಣುವ ದೃಷ್ಟಿಯನ್ನು ಪ್ಯಾರಾ ಈಜುಗಾರ ಶರತ್ ಗಾಯಕ್ವಾಡರ ಜೀವನಸಾಧನೆಯ ಮೂಲಕ ಪರಿಚಯಿಸುವುದು ಈ ಬರಹದ ಉದ್ದೇಶ.

1991ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಶರತ್ ಅವರಿಗೆ ಎಡಗೈ ಹುಟ್ಟಿನಿಂದಲೇ ಪೂರ್ಣವಾಗಿ ಬೆಳೆದಿರಲಿಲ್ಲ. ಅವರು ಓದುತ್ತಿದ್ದ ಶಾಲೆಯಲ್ಲಿ ಈಜು ಪಾಠಕ್ರಮದ ಭಾಗವಾಗಿದ್ದುದರಿಂದ, ಇತರ ಮಕ್ಕಳೊಂದಿಗೆ ಅವರೂ ನೀರಿಗಿಳಿದರು. ಮುಂದೆ ತರಬೇತುದಾರ ಜಾನ್ ಕ್ರಿಸ್ಟೋಫರ್ ಅವರ ಕಣ್ಣಿಗೆ ಬಿದ್ದು ಸ್ಪರ್ಧೆಯ ಈಜುಗಾರರಾದರು. 2010ರ ಗುವಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಕಂಚು ಪಡೆದು, 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ಗೆ ಅರ್ಹತಾ ಮಾನದಂಡವನ್ನು ದಾಟಿ ಪ್ರವೇಶ ಪಡೆದ ಪ್ರಥಮ ಭಾರತೀಯ ಈಜುಗಾರರೆನಿಸಿದರು. 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಒಂದು ಬೆಳ್ಳಿ, ಐದು ಕಂಚು, ಒಟ್ಟು ಆರು ಪದಕಗಳನ್ನು ಗಳಿಸಿ, ಒಂದೇ ಬಹುಕ್ರೀಡಾಕೂಟದಲ್ಲಿ ಭಾರತೀಯರೊಬ್ಬರು ಪಡೆದ ಪದಕಗಳ ಸಂಖ್ಯೆಯಲ್ಲಿ, 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಪಿ.ಟಿ. ಉಷಾ ಅವರು ಸ್ಥಾಪಿಸಿದ್ದ ಐದು ಪದಕಗಳ ದಾಖಲೆಯನ್ನು ಮೀರಿದರು. 2015ರಲ್ಲಿ ಅರ್ಜುನ ಪ್ರಶಸ್ತಿ ಅವರಿಗೆ ಸಂದಿತು.

ಈ ಸ್ಪರ್ಧೆಗಳನ್ನು ನೋಡುವವರು ಮೊದಲು ಪರದೆಯ ಮೇಲೆ ಈಜುಗಾರನ ಹೆಸರಿನೊಂದಿಗೆ ಬರುವ ಅಕ್ಷರವನ್ನೂ ಅಂಕಿಯನ್ನೂ ಗಮನಿಸತಕ್ಕದ್ದು. ದೈಹಿಕ ವೈಕಲ್ಯವುಳ್ಳವರಿಗೆ ಎಸ್1ರಿಂದ ಎಸ್10ರವರೆಗೆ ಹತ್ತು ವರ್ಗಗಳಿವೆ. ಅಂಕಿ ಕಿರಿದಾದಷ್ಟೂ ವೈಕಲ್ಯದ ಪರಿಣಾಮ ಹಿರಿದು. ದೃಷ್ಟಿದೋಷವುಳ್ಳವರಿಗೆ 11ರಿಂದ 13, ಬೌದ್ಧಿಕ ನ್ಯೂನತೆಯುಳ್ಳವರಿಗೆ 14. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕಾಲುಗಳ ಒದೆತವೇ ಬಹುಮಟ್ಟಿಗೆ ಮುನ್ನಡೆಸುವ ಶಕ್ತಿಯಾದುದರಿಂದ ಅದಕ್ಕೆ ಎಸ್‌ಬಿ ಎಂಬ ಬೇರೆ ವರ್ಗೀಕರಣವುಂಟು. ವೈದ್ಯಕೀಯ ಪರೀಕ್ಷೆಯಿಂದಲೂ, ನೀರಿನಲ್ಲಿ ಈಜಿಸಿ ನೋಡುವುದರಿಂದಲೂ, ಸ್ಪರ್ಧೆಯಲ್ಲಿ ಗಮನಿಸುವುದರಿಂದಲೂ ಈ ನಿರ್ಣಯವಾಗುತ್ತದೆ. ಶರತ್ ಸ್ಪರ್ಧಿಸಿದ್ದು ಎಸ್8ರಲ್ಲಿ. ಒಂದು ಕೈ ಇಲ್ಲದವನೂ, ಎರಡು ಕಾಲುಗಳ ಬಲ ಕುಂದಿದವನೂ ಈ ಒಂದೇ ವರ್ಗದಲ್ಲಿ ಪಕ್ಕಪಕ್ಕದ ಪಥಗಳಲ್ಲಿ ಈಜಬಹುದು. ಹೊಸಬರಿಗೆ ಇದು ಅನ್ಯಾಯವೆನಿಸುವುದುಂಟು. ನನಗಾದರೋ ಈ ಕ್ರೀಡೆಯ ಸೊಗಸೆಲ್ಲ ಇಲ್ಲಿಯೇ ಅಡಗಿದೆಯೆಂದು ತೋರುತ್ತದೆ. ಕಾಲುಗಳು ಗಟ್ಟಿಯಾಗಿರುವವನು ಜಿಗಿತದಲ್ಲಿಯೂ ಗೋಡೆಯನ್ನೊದ್ದು ತಿರುಗುವಲ್ಲಿಯೂ ಮುಂದಾಗುತ್ತಾನೆ, ಕೈಗಳು ಗಟ್ಟಿಯಾಗಿರುವವನು ಕೊಳದ ನಡುಭಾಗದಲ್ಲಿ ಅದನ್ನು ಮರಳಿ ಗಳಿಸುತ್ತಾನೆ; ಹೀಗೆ ಒಂದೇ ಸ್ಪರ್ಧೆಯೊಳಗೆ ಮುನ್ನಡೆಯು ಪದೇ ಪದೇ ಕೈಬದಲಾಗುವುದನ್ನು ಅನುಸರಿಸಲು ಕಲಿತವನಿಗೆ ಬೇಸರವೆಂಬುದಿಲ್ಲ.

ಈ ಎಲ್ಲವನ್ನೂ ಒಂದೆಡೆ ಕಾಣಬೇಕಾದರೆ 200 ಮೀಟರ್ ವೈಯಕ್ತಿಕ ಮೆಡ್ಲೆಯನ್ನು ನೋಡಬೇಕು. ಇಂಚಿಯಾನ್‌ನಲ್ಲಿ ಶರತ್ ಅವರಿಗೆ ಬೆಳ್ಳಿ ತಂದದ್ದು ಇದೇ. ಆ ಆರು ಪದಕಗಳಲ್ಲಿ ನಾನು ಅತ್ಯಂತ ಗೌರವದಿಂದ ಎಣಿಸುವುದೂ ಇದನ್ನೇ. 50 ಮೀಟರ್ ಕೊಳದಲ್ಲಿ ಪ್ರತಿ ಗೋಡೆಗೂ ಶೈಲಿ ಬದಲಾಗುತ್ತದೆ. ಬಟರ್‌ಫ್ಲೈ, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಫ್ರೀಸ್ಟೈಲ್ ಎಂಬ ಕ್ರಮದಲ್ಲಿ, ಒಂದು ಕೈ ಉದ್ದ ಒಂದು ಕೈ ಗಿಡ್ಡವಾಗಿರುವ ಶರೀರಕ್ಕೆ ಪ್ರತಿ ಶೈಲಿಯೂ ಹೊಸ ಸಮಸ್ಯೆಯೊಂದನ್ನು ಒಡ್ಡುತ್ತದೆ. ಬಟರ್‌ಫ್ಲೈಯಲ್ಲಿ ಎರಡು ಕೈಗಳೂ ಏಕಕಾಲದಲ್ಲಿ ನೀರಿನ ಮೇಲೆ ಮುಂದಕ್ಕೆ ಬರಬೇಕಾದುದರಿಂದ, ಕೈಗಳ ಸೆಳೆತ ಅಸಮವಾದಾಗ ಎದೆಯಿಂದ ಹೊರಟು ಸೊಂಟವನ್ನು ಹಾಯ್ದು ಪಾದಗಳವರೆಗೆ ಹೋಗುವ ಅಲೆಯೇ ದೇಹವನ್ನು ನೆಟ್ಟಗೆ ನಡೆಸಬೇಕು: ನೀವು ಭುಜಗಳನ್ನು ಬಿಟ್ಟು ಸೊಂಟವನ್ನು ನೋಡಿರಿ. ಬ್ಯಾಕ್‌ಸ್ಟ್ರೋಕ್‌ನಲ್ಲಿ ಮುಖ ಮೇಲಕ್ಕಿರುವುದರಿಂದ ದಾರಿ ಕಾಣದು; ಗೋಡೆಗೆ ಐದು ಮೀಟರ್ ಇರುವಾಗ ಮೇಲೆ ಕಟ್ಟಿದ ಬಾವುಟಗಳು ಕಂಡೊಡನೆ ಉಳಿದ ಬೀಸುಗಳನ್ನು ಮನಸ್ಸಿನಲ್ಲಿಯೇ ಎಣಿಸಿಕೊಳ್ಳಬೇಕು; ಒಂದು ಕೈಯ ಬೀಸು ಇನ್ನೊಂದರಷ್ಟು ನೀರನ್ನು ತಳ್ಳದೆ ಇರುವಾಗ ಹಗ್ಗಕ್ಕೆ ತಾಗದೆ ಪಥದ ಮಧ್ಯದಲ್ಲಿ ಉಳಿಯುವುದೇ ಒಂದು ಸಾಧನೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಒದೆತಕ್ಕೂ ಜಾರುವಿಕೆಗೂ ನಡುವಣ ಬಿಡುವನ್ನು ಗಮನಿಸಿರಿ. ಅವಸರಪಟ್ಟು ಮುಂದಿನ ಸೆಳೆತವನ್ನು ಆರಂಭಿಸುವವನು ಗಳಿಸಿದ ವೇಗವನ್ನು ತಾನೇ ಕಳೆದುಕೊಳ್ಳುತ್ತಾನೆ. ಕೊನೆಯ ಫ್ರೀಸ್ಟೈಲ್ ಬರುವ ಹೊತ್ತಿಗೆ ದಣಿವು ಏರಿರುತ್ತದೆ. ಬಲವಾದ ಕೈ ದೇಹವನ್ನು ಒಂದು ಪಕ್ಕಕ್ಕೆ ತಿರುಗಿಸಲೆಳಸುತ್ತದೆ. ಅದನ್ನು ಕಾಲುಗಳ ಬಡಿತದಿಂದಲೂ ದೇಹದ ಹೊರಳುವಿಕೆಯಿಂದಲೂ ಸರಿದೂಗಿಸಿ ನೇರವಾಗಿ ಬರುವುದರಲ್ಲಿಯೇ ಈಜುಗಾರನ ವಿದ್ಯೆ ಇದೆ. ಇದು ಎರಡು ಕೈಯ ಈಜಿನ ನ್ಯೂನಪ್ರತಿಯಲ್ಲ, ತನ್ನದೇ ಆದ ವ್ಯಾಕರಣವುಳ್ಳ ಬೇರೊಂದು ಈಜು.

ನಿಯಮಗಳನ್ನು ಅರಿತಷ್ಟೂ ನೋಟ ನಿಚ್ಚಳವಾಗುತ್ತದೆ. ಕೃತಕ ಕೈಕಾಲುಗಳನ್ನು ಧರಿಸಿ ಈಜುವಂತಿಲ್ಲ. ಬಟರ್‌ಫ್ಲೈ, ಬ್ರೆಸ್ಟ್‌ಸ್ಟ್ರೋಕ್‌ಗಳಲ್ಲಿ ಎರಡು ಕೈಗಳಿಂದಲೂ ಒಮ್ಮೆಲೇ ಗೋಡೆಯನ್ನು ಮುಟ್ಟಬೇಕೆಂಬುದು ಸಾಮಾನ್ಯ ನಿಯಮವಾದರೂ, ಕೈಗಳ ಉದ್ದದಲ್ಲಿ ವ್ಯತ್ಯಾಸವಿದ್ದವರಿಗೆ ಉದ್ದನೆಯ ಕೈ ಮುಟ್ಟಿದರೆ ಸಾಕು. ಆದರೆ ಎರಡನ್ನೂ ಒಟ್ಟಿಗೆ ಮುಂದಕ್ಕೆ ಚಾಚಿರಬೇಕು. ದೃಷ್ಟಿಯಿಲ್ಲದವರಿಗೆ ಗೋಡೆ ಸಮೀಪಿಸಿತೆಂದು ತಿಳಿಸಲು ದಂಡೆಯ ಮೇಲೆ ನಿಂತವರು ಉದ್ದನೆಯ ಕೋಲಿನಿಂದ ಮೆಲ್ಲನೆ ತಟ್ಟುತ್ತಾರೆ. ಆ ತಟ್ಟಿನ ಸಮಯ ತಪ್ಪಿದರೆ ಸ್ಪರ್ಧೆಯೇ ತಪ್ಪುತ್ತದೆ. ಎರಡು ಕೈಗಳೂ ಇಲ್ಲದ ಚೀನಾದ ಝೆಂಗ್ ಟಾವೊ ಬ್ಯಾಕ್‌ಸ್ಟ್ರೋಕ್ ಆರಂಭಕ್ಕೆ ಬಟ್ಟೆಯೊಂದನ್ನು ಹಲ್ಲಿನಿಂದ ಕಚ್ಚಿ ಹಿಡಿದು, ಕೊನೆಯಲ್ಲಿ ತಲೆಯಿಂದ ಗೋಡೆಯನ್ನು ಮುಟ್ಟಿ, 2021ರಲ್ಲಿ ನಡೆದ ಟೋಕಿಯೋ ಪ್ಯಾರಾಲಿಂಪಿಕ್ ಕೂಟದಲ್ಲಿ ನಾಲ್ಕು ಚಿನ್ನ ಗೆದ್ದರು.

ನಮ್ಮ ದೇಶದಲ್ಲಿ ಈ ಪರಂಪರೆಯ ಆದ್ಯಪುರುಷರು ಮುರಳಿಕಾಂತ ಪೇಟ್ಕರ್. ನೆರೆರಾಜ್ಯದ ಸಾಂಗ್ಲಿ ಜಿಲ್ಲೆಯ ಈ ಸೈನಿಕರು 1965ರ ಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡು, 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲನ್ನು 37.33 ಸೆಕೆಂಡುಗಳಲ್ಲಿ ಈಜಿ, ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನವನ್ನು ತಂದರು. ಅವರಿಗೆ ಪದ್ಮಶ್ರೀ ಸಂದದ್ದು 2018ರಲ್ಲಿ. ನಲವತ್ತಾರು ವರ್ಷಗಳ ಈ ಅಂತರವನ್ನು ನೆನೆದಾಗ ನನಗೆ ಇಂದಿಗೂ ಖೇದವಾಗುತ್ತದೆ.

ನಮ್ಮ ಸೀಮೆಯಲ್ಲಿ ಈಸು ಕಲಿಸುವ ಕ್ರಮ ಎಲ್ಲರಿಗೂ ತಿಳಿದದ್ದೇ: ಸೊಂಟಕ್ಕೆ ಒಣಸೋರೆಯ ಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಹೊಲದ ಬಾವಿಗೆ ಇಳಿಸಿ, ಹಿರಿಯರು ಮೆಟ್ಟಿಲ ಮೇಲೆ ಕುಳಿತು ಕೂಗಿ ಹೇಳುವುದು. ವರದೆ ತುಂಗಭದ್ರೆಗಳು ಹರಿಯುವ ನಾಡಾದುದರಿಂದ, ಚೌಡದಾನಪುರದಂಥ ಹೊಳೆದಂಡೆಯ ಊರುಗಳ ಮಕ್ಕಳಿಗೆ ಇದು ಸಹಜವಾದ ವಿದ್ಯೆ. ಆದರೆ ಕೈಯೋ ಕಾಲೋ ಸರಿಯಿಲ್ಲದ ಮಗುವನ್ನು ಮಾತ್ರ, ಪ್ರೀತಿಯಿಂದಲೇ, ದಂಡೆಯ ಮೇಲೆ ಅಣ್ಣತಮ್ಮಂದಿರ ಬಟ್ಟೆ ಕಾಯಲು ಕೂಡಿಸುತ್ತೇವೆ. ಶರತ್ ಅವರ ಶಾಲೆ ಹಾಗೆ ಕೂಡಿಸಲಿಲ್ಲ. ಅವರ ಜೀವನದಲ್ಲಿ ನಿರ್ಣಾಯಕವಾದ ಸಂಗತಿ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ರಾಜ್ಯದ ಉತ್ತರ ಭಾಗದಲ್ಲಿಯೂ ಇಂಥ ನಿದರ್ಶನವಿಲ್ಲದಿಲ್ಲ: ಅಲ್ಪ ಆಘಾತಕ್ಕೂ ಮೂಳೆ ಮುರಿಯುವ ವ್ಯಾಧಿಯಿದ್ದ ಮೊಯಿನ್ ಜುನ್ನೇದಿ, ತರಬೇತುದಾರ ಉಮೇಶ ಕಲಘಟಗಿ ಅವರ ಆರೈಕೆಯಲ್ಲಿ ಬೆಳಗಾವಿಯ ಕೊಳದಲ್ಲಿ ಈಜುಗಾರರಾಗಿ ರೂಪುಗೊಂಡರು.

ಇನ್ನು ನೋಟದ ಅಭ್ಯಾಸದ ಮಾತು. ಅಂತಿಮ ಸುತ್ತನ್ನಷ್ಟೇ ನೋಡದೆ ಬೆಳಗಿನ ಅರ್ಹತಾ ಸುತ್ತುಗಳನ್ನೂ ನೋಡಿರಿ; ಅಲ್ಲಿ ಈಜುಗಾರರು ಶಕ್ತಿಯನ್ನು ಕಾಯ್ದಿರಿಸುವುದರಿಂದ ಚಲನೆಯ ವಿನ್ಯಾಸ ಸ್ಫುಟವಾಗಿ ಕಾಣುತ್ತದೆ. ಶರತ್ ಅವರ ಈಜನ್ನು ಕಂಡ ಮೇಲೆ ಬೆಂಗಳೂರಿನವರೇ ಆದ ನಿರಂಜನ್ ಮುಕುಂದನ್ ಅವರ ಈಜನ್ನು ನೋಡಿರಿ. ಬೆನ್ನುಹುರಿಯ ಜನ್ಮಜಾತ ದೋಷದಿಂದ ಕಾಲುಗಳು ದುರ್ಬಲವಾಗಿ, ವೈದ್ಯರ ಸಲಹೆಯಂತೆ ಚಿಕಿತ್ಸೆಗೆಂದು ನೀರಿಗಿಳಿದ ಅವರು ಟೋಕಿಯೋ ಕೂಟದಲ್ಲಿ ಎಸ್7 ವರ್ಗದ 50 ಮೀಟರ್ ಬಟರ್‌ಫ್ಲೈ ಅಂತಿಮ ಸುತ್ತನ್ನು ತಲುಪಿ ಎಂಟನೆಯವರಾದರು. ಶರತ್ ಅವರಲ್ಲಿ ಕಾಲು ಮಾಡುವ ಕೆಲಸವನ್ನು ಇವರಲ್ಲಿ ಭುಜ ಮಾಡಬೇಕು. ಜಿಗಿತದಲ್ಲಿ ಕಳೆದುಕೊಂಡದ್ದನ್ನು ಹದಿನೈದನೆಯ ಮೀಟರಿನಿಂದಾಚೆಗೆ ಒಂದೊಂದೇ ಬೀಸಿನಲ್ಲಿ ಹಿಂದಕ್ಕೆ ಪಡೆಯಬೇಕು. ಮೊದಲ ಸಲ ಇವರ ಕೈಗಳನ್ನೂ, ಎರಡನೆಯ ಸಲ ಪಕ್ಕದ ಪಥದವನೊಡನೆ ಇವರಿಗಿರುವ ಅಂತರವನ್ನೂ ನೋಡಿರಿ.