ಫಾರ್ಮಸಿಸ್ಟರ ವೃತ್ತಿದೋಷ: ಒಂದು ವಿಮರ್ಶೆ

1948ರ ಫಾರ್ಮಸಿ ಅಧಿನಿಯಮದ 36ನೆಯ ಪ್ರಕರಣವು, ದುರ್ನಡತೆ ತೋರಿದ ಫಾರ್ಮಸಿಸ್ಟನ ಅಹವಾಲನ್ನು ಕೇಳಿ, ಅವನ ಹೆಸರನ್ನು ನೋಂದಣಿ ಪುಸ್ತಕದಿಂದ ತೆಗೆದುಹಾಕುವ ಅಧಿಕಾರವನ್ನು ರಾಜ್ಯ ಪರಿಷತ್ತಿನ ಕಾರ್ಯಕಾರಿ ಸಮಿತಿಗೆ ಕೊಟ್ಟಿದೆ. ಅದಕ್ಕಿಂತ ಲಘುವಾದ ಕ್ರಮವನ್ನು ಆ ಪ್ರಕರಣ ಹೇಳುವುದಿಲ್ಲ. ಇದು ಕೊರತೆಯೆಂದೇ ನಮ್ಮ ಅಭಿಪ್ರಾಯ.

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಒಬ್ಬನು ಚೀಟಿಯಲ್ಲಿದ್ದ ಔಷಧಕ್ಕೆ ಬದಲು ಬೇರೊಂದನ್ನು ಕೊಟ್ಟನೆನ್ನೋಣ, ರೋಗಿಗೆ ಹಾನಿಯಾಗಲಿಲ್ಲ. ಇಷ್ಟಕ್ಕೆ ಜೀವನೋಪಾಯವನ್ನೇ ಕಸಿಯುವುದು ಅತಿಯಾದೀತು. ದೂರು ಬೆಂಗಳೂರಿನ ಪರಿಷತ್ತಿಗೆ ಹೋಗದೆ ಅಂಗಡಿಯಲ್ಲೇ ರಾಜಿಯಾದರೆ ಮುಂದಿನ ರೋಗಿಗೆ ರಕ್ಷಣೆಯಿಲ್ಲ.

ಬ್ರಿಟನ್ನಿನ ಜನರಲ್ ಫಾರ್ಮಸ್ಯೂಟಿಕಲ್ ಕೌನ್ಸಿಲ್ ಬಹಿರಂಗ ವಿಚಾರಣೆಯಿಲ್ಲದೆಯೂ ಎಚ್ಚರಿಕೆ ಕೊಡಬಲ್ಲುದು, ಮುಚ್ಚಳಿಕೆ ಪಡೆಯಬಲ್ಲುದು, ಎರಡೂ ದಾಖಲಾಗುತ್ತವೆ. ಅಂಥ ನಡುದಾರಿ ನಮ್ಮಲ್ಲಿಯೂ ಬೇಕು. ವಿಚಾರಣೆಯಿಲ್ಲದ ಪರಿಹಾರವನ್ನು ನಾವು ಒಪ್ಪುತ್ತೇವೆ. ದಾಖಲೆಯಿಲ್ಲದ ಪರಿಹಾರವನ್ನು ಒಪ್ಪಲಾರೆವು.