ಮೊದಲು ಹೊಗೆ ನೋಡಿ: ಹಳೆಯ ರೈಲು ಚಿತ್ರಗಳ ರಸಿಕರಿಗೊಂದು ಕೈಪಿಡಿ

ಹಳೆಯ ರೈಲಿನ ಫೋಟೋ ಕೈಗೆ ಬಂದ ಕೂಡಲೇ ಕಣ್ಣು ಎಂಜಿನ್ನಿನ ಮೇಲೆ ಹೋಗಿ ಕೂರುತ್ತದೆ. ಕರಿ ಬಾಯ್ಲರು, ಎದೆಮಟ್ಟದ ಗಾಲಿಗಳು, ಗಾಲಿಯಿಂದ ಗಾಲಿಗೆ ಹಾಯ್ದ ಉಕ್ಕಿನ ದಂಡ, ಎಷ್ಟು ನೋಡಿದರೂ ಸಾಲದು. ಆದರೂ ಈ ಚಿತ್ರಗಳ ರುಚಿ ಹತ್ತಿಸಿಕೊಳ್ಳಲು ಹೊರಟ ಹೊಸಬರಿಗೆ ನನ್ನ ಮಾತು ಒಂದೇ: ಎಂಜಿನ್ನಿಗಿಂತ ಮೊದಲು ಹೊಗೆ ನೋಡಿ. ಎಂಜಿನ್ನಿನ ಆಕಾರ ಕಾರ್ಖಾನೆಯಿಂದ ಹೊರಬಿದ್ದ ದಿನದಿಂದಲೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಹೊಗೆ ಮಾತ್ರ ಕ್ಯಾಮೆರಾ ಕಣ್ಣು ತೆರೆದು ಮುಚ್ಚಿದ ಆ ಗಳಿಗೆಗೆ ಸೇರಿದ್ದು. ಒಳಗಿದ್ದ ಡ್ರೈವರು ಮತ್ತು ಫೈರ್‌ಮನ್ನರು ಆಗ ಏನು ಮಾಡುತ್ತಿದ್ದರೆಂಬುದನ್ನು ಅದು ಹೇಳಿಬಿಡುತ್ತದೆ. ರೈಲಿನ ಚಿತ್ರವೆಂದರೆ ನಡೆಯುತ್ತಿರುವ ಕೆಲಸದ ಚಿತ್ರ. ಈ ಗಳಿಗೆಯಲ್ಲಿ ಇಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ಕೇಳುತ್ತಾ ಹೋದರೆ ಚಿತ್ರ ತಾನಾಗಿ ತೆರೆದುಕೊಳ್ಳುತ್ತದೆ.

ಚಿಮಣಿಯಿಂದ ದಟ್ಟ ಕಪ್ಪು ಹೊಗೆ ಉಕ್ಕುತ್ತಿದ್ದರೆ ಫೈರ್‌ಮನ್ ಆಗಷ್ಟೇ ಸಲಿಕೆಗಟ್ಟಲೆ ಕಲ್ಲಿದ್ದಲು ಎಸೆದಿದ್ದಾರೆ ಎಂದರ್ಥ. ಸೌದೆ ಒಲೆಗೆ ಒಮ್ಮೆಗೇ ನಾಲ್ಕು ಕಟ್ಟಿಗೆ ತುರುಕಿದಾಗ ಅಡುಗೆಮನೆ ಹೊಗೆಯಾಗುವುದಿಲ್ಲವೇ, ಹಾಗೆ. ಬೆಂಕಿಗೆ ಸಾಕಷ್ಟು ಗಾಳಿ ಸಿಗದೆ, ಸುಡದೆ ಉಳಿದ ಇದ್ದಲಿನ ಕಣಗಳು ಹೊರಬೀಳುತ್ತವೆ. ನುರಿತ ಫೈರ್‌ಮನ್ ಸ್ವಲ್ಪಸ್ವಲ್ಪವೇ, ಮೇಲಿಂದ ಮೇಲೆ, ಬೆಂಕಿಯ ತೆಳುವಾದ ಜಾಗ ನೋಡಿ ನೋಡಿ ಹಾಕುತ್ತಿದ್ದರು. ಅಂಥವರ ಎಂಜಿನ್ನಿನ ಮೇಲೆ ತೆಳು ಬೂದು ಛಾಯೆಯಷ್ಟೇ ಕಾಣುತ್ತದೆ. ಫೋಟೋದಲ್ಲಿ ಅದು ಸಪ್ಪೆಯೆನಿಸಬಹುದು, ಆದರೆ ಕೆಲಸದ ದೃಷ್ಟಿಯಿಂದ ಅದೇ ಅಚ್ಚುಕಟ್ಟು. ಬೆಳ್ಳಗೆ ಕಾಣುವುದು ಹೊಗೆಯಲ್ಲ, ಆವಿ. ಚಳಿಗಾಲದ ಮುಂಜಾನೆಯಲ್ಲಿ ಅದು ಅರಳಿ ಬಹಳ ಹೊತ್ತು ನಿಲ್ಲುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಚಿಮಣಿ ಬಿಟ್ಟ ಸ್ವಲ್ಪದರಲ್ಲೇ ಕರಗಿಹೋಗುತ್ತದೆ. ಹೀಗಾಗಿ ದಿನಾಂಕ ಬರೆಯದ ಫೋಟೋದಲ್ಲೂ ಋತು ಯಾವುದು, ಹೊತ್ತು ಯಾವುದು ಎಂಬುದರ ಸುಳಿವು ಸಿಗುತ್ತದೆ.

ಆವಿ ಎಲ್ಲಿಂದ ಬರುತ್ತಿದೆ ಎಂಬುದನ್ನೂ ಗಮನಿಸಿ. ಮುಂಗಾಲಿಗಳ ಬಳಿ, ನೆಲದ ಮಟ್ಟದಲ್ಲಿ ಎರಡೂ ಬದಿಗೆ ಚಿಮ್ಮುತ್ತಿದ್ದರೆ ರೈಲು ಈಗ ತಾನೇ ಹೊರಟಿದೆ. ನಿಂತಾಗ ಸಿಲಿಂಡರಿನಲ್ಲಿ ಸೇರಿಕೊಂಡ ನೀರನ್ನು ಡ್ರೈವರು ಹೊರಬಿಡುತ್ತಿದ್ದಾರೆ. ಬಾಯ್ಲರಿನ ನೆತ್ತಿಯಿಂದ ನೇರ ಮೇಲೇಳುತ್ತಿದ್ದರೆ ಒತ್ತಡ ಮಿತಿ ಮುಟ್ಟಿ ಸೇಫ್ಟಿ ವಾಲ್ವ್ ತೆರೆದಿದೆ. ಚಿಮಣಿಯ ಆವಿ ಉಂಡೆಉಂಡೆಯಾಗಿ ನೆಟ್ಟಗೆ ಏರುತ್ತಿದ್ದರೆ ಎಂಜಿನ್ ಭಾರ ಎಳೆಯುತ್ತಾ ಏರು ಹತ್ತುತ್ತಿದೆ. ಹೊಗೆ ಬೋಗಿಗಳ ಮೇಲೆ ಸೋತಂತೆ ಮಲಗಿದ್ದರೆ ಬಹುಶಃ ಉಗಿ ನಿಲ್ಲಿಸಿ ಇಳಿಜಾರಿನಲ್ಲಿ ಬಿಟ್ಟಿದ್ದಾರೆ. ಇಷ್ಟು ತಿಳಿದುಕೊಂಡು ನೋಡಿದರೆ, ಅಲುಗದ ಚಿತ್ರದಲ್ಲಿ ಸದ್ದು ಕೇಳಿಸತೊಡಗುತ್ತದೆ.

ಒಂದು ಎಚ್ಚರಿಕೆ. 1970–80ರ ದಶಕಗಳಲ್ಲಿ, ಬೇರೆ ಹಲವು ದೇಶಗಳಲ್ಲಿ ಉಗಿ ಎಂಜಿನ್ ಮುಗಿದುಹೋದ ಮೇಲೆ, ವಿದೇಶದ ಹವ್ಯಾಸಿಗಳು ಕ್ಯಾಮೆರಾ ಹೊತ್ತು ಭಾರತಕ್ಕೆ ಬರುತ್ತಿದ್ದರು. ಚಿತ್ರ ಗಂಭೀರವಾಗಿ ಬರಲೆಂದು ಡ್ರೈವರನ್ನು ಕೇಳಿ ಕಪ್ಪು ಹೊಗೆ ಬಿಡಿಸಿಕೊಳ್ಳುವುದು ಈ ಹವ್ಯಾಸದಲ್ಲಿ ಎಲ್ಲ ಕಡೆಯೂ ಇದ್ದ ರೂಢಿ. ಸಮತಟ್ಟಾದ ಬಯಲಿನಲ್ಲಿ ನಾಲ್ಕೇ ಬೋಗಿ ಎಳೆಯುತ್ತಿರುವ ಎಂಜಿನ್ ಆಕಾಶವನ್ನೇ ಮಸಿ ಮಾಡುತ್ತಿದ್ದರೆ ಅದು ಫೋಟೋಗಾಗಿ ಬಿಟ್ಟ ಹೊಗೆ ಇರಬಹುದು. ಹಾಗೆಂದು ಅಂಥ ಚಿತ್ರಗಳನ್ನು ನಾನು ತಳ್ಳಿಹಾಕುವುದಿಲ್ಲ. ಯೋಜಿಸಿ ತೆಗೆದ ಚಿತ್ರದ ತುದಿ ಎಲ್ಲಿದೆ ಎಂದು ತಿಳಿಯಲು ಅಮೆರಿಕದ ಓ. ವಿನ್‌ಸ್ಟನ್ ಲಿಂಕ್ ಅವರ ಕೆಲಸ ನೋಡಬೇಕು. ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯ ಕೊನೆಯ ಉಗಿ ಎಂಜಿನ್‌ಗಳನ್ನು ಅವರು 1955ರಿಂದ ಚಿತ್ರಿಸತೊಡಗಿದರು, ಹೆಚ್ಚಾಗಿ ರಾತ್ರಿಯ ಹೊತ್ತು. ಸೂರ್ಯ ಎಲ್ಲಿರಬೇಕೆಂದು ತಾನು ಹೇಳುವ ಹಾಗಿಲ್ಲವಲ್ಲ ಎಂದು ಸಾಲುಸಾಲು ಫ್ಲ್ಯಾಶ್ ಬಲ್ಬುಗಳನ್ನು ತಂತಿಯಲ್ಲಿ ಪೋಣಿಸಿ, ರೈಲು ಹಾಯುವ ಒಂದೇ ಗಳಿಗೆಗೆ ಎಲ್ಲವನ್ನೂ ಒಟ್ಟಿಗೆ ಬೆಳಗಿಸುತ್ತಿದ್ದರು. 1956ರ ಪ್ರಸಿದ್ಧ ಚಿತ್ರವೊಂದರಲ್ಲಿ ಕಾರಿನಲ್ಲೇ ಕುಳಿತು ಸಿನಿಮಾ ನೋಡುವ ಬಯಲು ಚಿತ್ರಮಂದಿರವಿದೆ, ಪರದೆಯ ಮೇಲೆ ವಿಮಾನವಿದೆ, ಪಕ್ಕದಲ್ಲೇ ಗೂಡ್ಸ್ ರೈಲು ಉಗಿ ಉಗುಳುತ್ತಾ ಓಡುತ್ತಿದೆ. ಫ್ಲ್ಯಾಶ್ ಬೆಳಕಿಗೆ ಪರದೆ ಬೆಳ್ಳಗಾದ್ದರಿಂದ ವಿಮಾನದ ಬಿಂಬವನ್ನು ಆಮೇಲೆ ಕತ್ತಲೆಕೋಣೆಯಲ್ಲಿ ಸೇರಿಸಿದರು. ಇದು ತಿಳಿದ ಮೇಲೂ ಆ ಚಿತ್ರದ ಸೊಬಗು ಕಡಿಮೆಯಾಗುವುದಿಲ್ಲ, ಛಾಯಾಗ್ರಾಹಕ ಪಟ್ಟ ಶ್ರಮವೂ ಚಿತ್ರದೊಳಗೆ ಕಾಣತೊಡಗುತ್ತದೆ, ಅಷ್ಟೇ.

ಇನ್ನೂ ಹಿಂದಕ್ಕೆ ಹೋದರೆ, 1850–60ರ ದಶಕಗಳ ಚಿತ್ರಗಳಲ್ಲಿ ಓಡುವ ರೈಲೇ ಸಿಗುವುದಿಲ್ಲ. ಗಾಜಿನ ತಟ್ಟೆಗೆ ರಾಸಾಯನಿಕ ಬಳಿದು, ಅದು ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಿದ್ದ ಕಾಲ. ಬೆಳಕು ಒಳಬಿಡಲು ಹಲವು ಸೆಕೆಂಡು ಬೇಕಿತ್ತು. ಮುಂಬೈ–ಪುಣೆ ನಡುವಿನ ಭೋರ್ ಘಾಟ್ ಮಾರ್ಗ ಕಟ್ಟುವಾಗಿನ ಫೋಟೋಗಳು ಈ ಬಗೆಯವು. ಅಲ್ಲಿನ ಗುತ್ತಿಗೆ ಹಿಡಿದ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಭಾರತಕ್ಕೆ ಬಂದ ಸ್ವಲ್ಪ ದಿನಗಳಲ್ಲೇ ತೀರಿಕೊಂಡರು. ಗುತ್ತಿಗೆಯನ್ನು ಅವರ ಹೆಂಡತಿ ಅಲೈಸ್ ಮುಂದುವರಿಸಿದರು, 1863ರಲ್ಲಿ ಮಾರ್ಗ ತೆರೆಯಿತು. ಆ ಕಾಮಗಾರಿಯ ಹಲವು ಫೋಟೋಗಳು ಅಲೈಸ್ ಅವರ ಹೆಸರಿನಲ್ಲೇ ದಾಖಲಾಗಿವೆ. ಇಂಥ ಚಿತ್ರ ಸಿಕ್ಕಾಗ ಕಮಾನುಗಳನ್ನು ನೋಡಿ ಮುಗಿಸಬೇಡಿ, ಅಂಚುಗಳಲ್ಲಿ ಮಸುಕಾದ ಕಲೆಗಳನ್ನು ಹುಡುಕಿ. ಅಲುಗದೆ ನಿಂತವರು ಸ್ಪಷ್ಟವಾಗಿ ಮೂಡಿರುತ್ತಾರೆ, ಕಲ್ಲು ಹೊರುತ್ತಾ ನಡೆದವರು ಮಂಜಿನಂತೆ ಉಳಿದಿರುತ್ತಾರೆ. ಘಾಟಿಯಲ್ಲಿ ದುಡಿದ ಹತ್ತಾರು ಸಾವಿರ ಕೂಲಿಗಳಲ್ಲಿ ಬಹುಪಾಲು ಜನರ ಗುರುತು ಎಲ್ಲಾದರೂ ಉಳಿದಿದ್ದರೆ ಆ ಮಂಜಿನಲ್ಲೇ.

ಎಂಜಿನ್ ಕಾರ್ಖಾನೆಗಳು ತಾವೇ ತೆಗೆಸುತ್ತಿದ್ದ ಚಿತ್ರಗಳದು ಬೇರೆಯೇ ಜಾತಿ. ಗ್ಲಾಸ್ಗೋದ ನಾರ್ತ್ ಬ್ರಿಟಿಷ್, ಮ್ಯಾಂಚೆಸ್ಟರಿನ ಬೇಯರ್ ಪೀಕಾಕ್ ಕಂಪನಿಗಳು ಹೊಸ ಎಂಜಿನ್ನಿಗೆ ಹೊಳಪಿಲ್ಲದ ಬೂದುಬಣ್ಣ ಬಳಿದು, ಪಕ್ಕದಿಂದ ನೇರವಾಗಿ ಚಿತ್ರ ತೆಗೆಸುತ್ತಿದ್ದವು. ಹಿಂದಿನ ಕಟ್ಟಡವನ್ನು ಎಷ್ಟೋ ಸಲ ನೆಗೆಟಿವ್ ಮೇಲೇ ಅಳಿಸಿಬಿಡುತ್ತಿದ್ದರು. ಒಂದೊಂದು ಮೊಳೆಯೂ ಎಣಿಸಬಹುದಾದಷ್ಟು ಸ್ಪಷ್ಟ, ಆದರೆ ಜನರಿಲ್ಲ, ಹೊಗೆಯಿಲ್ಲ, ಊರಿಲ್ಲ. ಯಂತ್ರವನ್ನು ಕಲಿಯಲು ಇವು ಚೆನ್ನ.

ಗುರುತು ಹಿಡಿಯಲು ಸ್ವಲ್ಪ ಅಕ್ಷರಾಭ್ಯಾಸ ಬೇಕು. ಎಂಜಿನ್ನಿನ ಮೇಲಿನ ಮೊದಲ ಅಕ್ಷರ ಗೇಜು ಹೇಳುತ್ತದೆ: ಡಬ್ಲ್ಯೂ ಎಂದರೆ 1,676 ಮಿಲಿಮೀಟರಿನ ಬ್ರಾಡ್‌ಗೇಜ್, ವೈ ಎಂದರೆ ಮೀಟರ್‌ಗೇಜ್, ಜಡ್ ಎಂದರೆ 762 ಮಿಲಿಮೀಟರಿನ ನ್ಯಾರೋಗೇಜ್. ಎರಡನೆಯದು ಪಿ ಆದರೆ ಪ್ಯಾಸೆಂಜರ್, ಜಿ ಆದರೆ ಗೂಡ್ಸ್. ನಮ್ಮ ಕಡೆಯ 1950ರ ನಂತರದ ಮೀಟರ್‌ಗೇಜ್ ಚಿತ್ರಗಳಲ್ಲಿ ವೈಪಿ, ವೈಜಿ ಎಂಜಿನ್ನುಗಳು ಮತ್ತೆ ಮತ್ತೆ ಸಿಗುತ್ತವೆ. ಗುಂಡು ಮೂಗಿನ ಮೇಲೆ ನಕ್ಷತ್ರವಿದ್ದರೆ ಅದು ಬ್ರಾಡ್‌ಗೇಜಿನ ಡಬ್ಲ್ಯೂಪಿ. ಅಕ್ಷರ ಕಾಣದಿದ್ದರೆ ಹಳಿ ನೋಡಿ. ಮೀಟರ್‌ಗೇಜಿನಲ್ಲಿ ಬೋಗಿಯ ಒಡಲು ಹಳಿಗಿಂತ ಬಹಳ ಹೊರಕ್ಕೆ ಚಾಚಿರುತ್ತದೆ.

ಗೇಜು ಗೊತ್ತಾದರೆ ಊರಿನ ಕಥೆಯೂ ಬಿಚ್ಚಿಕೊಳ್ಳುತ್ತದೆ. 1864ರಲ್ಲಿ ಮದರಾಸಿನ ಕಡೆಯಿಂದ ಬೆಂಗಳೂರು ದಂಡಿಗೆ ಬಂದದ್ದು ಬ್ರಾಡ್‌ಗೇಜ್. 1882ರ ಹೊತ್ತಿಗೆ ಮೈಸೂರು ತಲುಪಿದ್ದು ಮೀಟರ್‌ಗೇಜ್. ಒಂದರ ಸರಕು ಇನ್ನೊಂದಕ್ಕೆ ಹೋಗಬೇಕಾದರೆ ಮನುಷ್ಯರ ಬೆನ್ನೇ ದಾರಿ. ಯಾರ್ಡಿನ ಹಳೆಯ ಚಿತ್ರದಲ್ಲಿ ಎರಡು ಅಳತೆಯ ವ್ಯಾಗನ್ನುಗಳು ಎದುರುಬದುರು ನಿಂತಿದ್ದರೆ ನಡುವೆ ಮೂಟೆ ಹೊತ್ತವರನ್ನು ಹುಡುಕಿ. ಬೆಂಗಳೂರು–ಮೈಸೂರು ಮಾರ್ಗದ ಚಿತ್ರಗಳಲ್ಲಿ ನಾನು ಏರಿಯ ಮಣ್ಣನ್ನೂ ಬಿಡದೆ ನೋಡುತ್ತೇನೆ. ಆ ಮಣ್ಣಿನ ಕೆಲಸ ಶುರುವಾದದ್ದು 1876–78ರ ಭೀಕರ ಬರದ ಪರಿಹಾರ ಕಾಮಗಾರಿಯಾಗಿ. ಹಸಿದವರು ಬುಟ್ಟಿಯಲ್ಲಿ ಹೊತ್ತು ಸುರಿದ ಮಣ್ಣು ಅದು. ಯಾವ ಅಡಿಬರಹವೂ ಇದನ್ನು ಹೇಳುವುದಿಲ್ಲ, ನೋಡುವವರೇ ತಿಳಿದಿರಬೇಕು.

ಕೈಮರಕ್ಕೆ ಬರೋಣ. ಹಳೆಯ ಬಗೆಯ ಕೈಮರದಲ್ಲಿ ತೋಳು ಅಡ್ಡ ನಿಂತಿದ್ದರೆ ನಿಲ್ಲಬೇಕು, ಕೆಳಗೆ ಬಾಗಿದ್ದರೆ ಹೋಗಬಹುದು. ಇನ್ನೊಂದು ಬಗೆಯಲ್ಲಿ ತೋಳು ಮೇಲೆ ಏಳುತ್ತದೆ. ಬಾಗಿದ ತೋಳು ಕಂಡರೆ ಅದನ್ನು ಯಾರೋ ಈಗ ತಾನೇ ಲಿವರ್ ಎಳೆದು ಬಾಗಿಸಿದ್ದಾರೆ, ಸ್ಟೇಷನ್ ಮಾಸ್ಟರು ಮುಂದಿನ ನಿಲ್ದಾಣದೊಂದಿಗೆ ಮಾತಾಡಿ ದಾರಿ ಕೇಳಿಕೊಂಡಿದ್ದಾರೆ. ಈ ಕೈಮರ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಪುಸ್ತಕಗಳಲ್ಲಿ ಎಷ್ಟೋ ಸಲ ನೆಗೆಟಿವ್ ತಿರುಗುಮುರುಗಾಗಿ ಅಚ್ಚಾಗಿರುತ್ತದೆ. ನಮ್ಮಲ್ಲಿ ತೋಳು ಡ್ರೈವರಿನ ಕಣ್ಣಿಗೆ ಕಂಬದ ಎಡಕ್ಕೆ ಚಾಚಿರಬೇಕು. ಅದರ ಮುಖ ಕೆಂಪು, ಮೇಲೆ ಬಿಳಿ ಪಟ್ಟಿ; ಬೆನ್ನು ಬಿಳಿ, ಮೇಲೆ ಕಪ್ಪು ಪಟ್ಟಿ. ಕೆಂಪು ಮುಖದ ತೋಳು ಬಲಕ್ಕಿದ್ದರೆ ಚಿತ್ರ ಮಗುಚಿದೆ. ಕೆಂಪಿಗೆ ಸ್ಪಂದಿಸದ ಹಳೆಯ ಫಿಲ್ಮಿನಲ್ಲಿ ಆ ಮುಖ ಕಪ್ಪಾಗಿ ಮೂಡಿರುತ್ತದೆ ಎಂಬುದು ನೆನಪಿರಲಿ. ನೀಲಿ ಆಕಾಶ ಬರೀ ಬಿಳಿಯಾಗಿ ಕಾಣುವುದೂ ಆ ಕಾರಣಕ್ಕೇ.

ಪ್ಲಾಟ್‌ಫಾರ್ಮಿನ ತುದಿಯಲ್ಲಿ ದೊಡ್ಡ ಬೆತ್ತದ ಬಳೆ ಎತ್ತಿ ಹಿಡಿದು ನಿಂತವರು ಸಿಕ್ಕರೆ ಆ ಫೋಟೋವನ್ನು ಜೋಪಾನ ಮಾಡಿ. ಬಳೆಗೆ ಕಟ್ಟಿದ ಚರ್ಮದ ಚೀಲದಲ್ಲಿ ಲೋಹದ ಚೆಂಡಿನ ಟೋಕನ್ ಇರುತ್ತಿತ್ತು. ಎರಡು ನಿಲ್ದಾಣಗಳ ನಡುವಿನ ಒಂಟಿ ಹಳಿಗೆ ಒಂದು ಹೊತ್ತಿಗೆ ಒಂದೇ ಟೋಕನ್ ಹೊರಬರುತ್ತಿತ್ತು, ಅದು ಕೈಗೆ ಸಿಗದೆ ರೈಲು ಮುಂದೆ ಹೋಗುವ ಹಾಗಿಲ್ಲ. ನಿಲ್ಲದೆ ಹಾಯುವ ಎಂಜಿನ್ನಿನಿಂದ ಬಾಗಿ, ತೋಳೊಡ್ಡಿ ಬಳೆಯನ್ನು ಹಿಡಿಯಬೇಕಿತ್ತು. ಆ ತೋಳಿಗೂ ಈ ಬಳೆಗೂ ನಡುವೆ ಗೇಣುದ್ದ ಗಾಳಿ ಉಳಿದಿರುವಾಗ ತೆಗೆದ ಚಿತ್ರಕ್ಕಿಂತ ಹೆಚ್ಚಿನ ರೋಮಾಂಚನ ನನಗೆ ಯಾವ ಘಾಟಿಯ ಚಿತ್ರದಲ್ಲೂ ಸಿಕ್ಕಿಲ್ಲ.

ಕಾಲ ಅಂದಾಜಿಸಲು ಬೋಗಿಗಳು ಸಹಾಯ ಮಾಡುತ್ತವೆ. ಬಾಗಿಲ ಪಕ್ಕದಲ್ಲಿ ರೋಮನ್ ಮೂರು ಬರೆದಿದ್ದರೆ ಅದು ಮೂರನೆಯ ದರ್ಜೆ. ಆ ದರ್ಜೆ 1974ರಲ್ಲಿ ಹೋಯಿತು. ಮೈಸೂರು ಸ್ಟೇಟ್ ರೈಲ್ವೆ 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯಲ್ಲಿ ಸೇರಿತು. ಹಳೆಯ ಹೆಸರು ಕಂಡರೆ ಅದಕ್ಕೆ ಹಿಂದಿನದೆಂದು ಊಹಿಸಬಹುದು, ಬಣ್ಣ ಬಳಿಯುವುದು ತಡವಾಗಿರಲೂಬಹುದು. ಮರದ ಬೋಗಿಯೋ ಉಕ್ಕಿನದೋ, ಕಿಟಕಿಗೆ ಕಂಬಿ ಇದೆಯೋ ಇಲ್ಲವೋ, ಇವೂ ಸಾಕ್ಷಿಗಳೇ. ಒಂದನ್ನೇ ನಂಬದೆ ಎರಡು ಮೂರು ಒಟ್ಟಿಗೆ ಇಟ್ಟು ನೋಡಿ.

ಬಣ್ಣದ ಪ್ರಿಂಟುಗಳ ವಿಷಯದಲ್ಲಿ ಹುಷಾರು. 1970–80ರ ದಶಕಗಳ ಎಷ್ಟೋ ಪ್ರಿಂಟುಗಳಲ್ಲಿ ನೀಲಿ ಛಾಯೆಯ ವರ್ಣ ಮೊದಲು ಮಾಸಿ ಇಡೀ ಚಿತ್ರ ಕೆಂಪೇರಿರುತ್ತದೆ, ಹಸಿರು ಗದ್ದೆಯೂ ಒಣಗಿದಂತೆ ಕಾಣುತ್ತದೆ. ಕೊಡಾಕ್ರೋಮ್ ಸ್ಲೈಡುಗಳು ಕತ್ತಲಲ್ಲಿಟ್ಟರೆ ಚೆನ್ನಾಗಿ ಉಳಿಯುತ್ತವೆ. ಕಪ್ಪುಬಿಳುಪು ಚಿತ್ರಕ್ಕೆ ಈಗ ಕಂಪ್ಯೂಟರಿನಲ್ಲಿ ಬಣ್ಣ ತುಂಬುವುದನ್ನು ನಾನು ಒಪ್ಪಲಾರೆ. ಬೋಗಿ ಯಾವ ಬಣ್ಣದ್ದಿತ್ತೆಂದು ಯಂತ್ರ ಊಹಿಸುತ್ತದೆ, ನೋಡಿದವರು ಅದನ್ನು ನಿಜವೆಂದು ನಂಬುತ್ತಾರೆ, ಮುಂದಿನವರಿಗೆ ಸುಳ್ಳೇ ದಾಖಲೆಯಾಗುತ್ತದೆ.

ಎಲ್ಲಿ ನೋಡಬೇಕು? 1979ರಲ್ಲಿ ಶುರುವಾದ ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ಎಂಜಿನ್ನುಗಳನ್ನು ಮುಟ್ಟಿ ನೋಡಿದ ಮೇಲೆ ಚಾಮುಂಡಿ ಗ್ಯಾಲರಿಯ ಚಿತ್ರಗಳ ಮುಂದೆ ನಿಲ್ಲಿ. ಈ ಕ್ರಮದಲ್ಲೇ ನೋಡಿ, ಅಳತೆಯ ಅಂದಾಜು ಸಿಗುತ್ತದೆ. ಹುಬ್ಬಳ್ಳಿಯಲ್ಲೂ 2020ರಿಂದ ಮ್ಯೂಸಿಯಂ ಇದೆ. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣದಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ನ ಕೆಲವು ದೃಶ್ಯಗಳನ್ನು ಚಿತ್ರೀಕರಿಸಿದರು. ಆ ಧಾರಾವಾಹಿಯ ರೈಲಿನ ದೃಶ್ಯಗಳನ್ನು ಕಥೆ ಪಕ್ಕಕ್ಕಿಟ್ಟು, ಹಳಿ, ಕಟ್ಟಡ, ಹೊಗೆಗಾಗಿಯೇ ಇನ್ನೊಮ್ಮೆ ನೋಡಿ.

ಆದರೆ ದೊಡ್ಡ ಭಂಡಾರ ಇರುವುದು ಮನೆಗಳ ಟ್ರಂಕುಗಳಲ್ಲಿ. ನಿಲ್ದಾಣದಲ್ಲಿ, ಸೇತುವೆಯ ಮೇಲೆ ಕ್ಯಾಮೆರಾ ತೆಗೆಯಲು ಅನುಮತಿ ಬೇಕಿದ್ದ ಕಾಲದಲ್ಲಿ ನಮ್ಮವರಿಗೆ ಸಿಕ್ಕ ಅವಕಾಶ ಬೀಳ್ಕೊಡುಗೆಯ ಗುಂಪುಚಿತ್ರ, ವರ್ಗಾವಣೆಯ ಹಾರ, ನಿವೃತ್ತಿಯ ದಿನ ಎಂಜಿನ್ ಮುಂದೆ ನಿಂತದ್ದು. ರೈಲ್ವೆಯಲ್ಲಿದ್ದ ತಾತನೋ ದೊಡ್ಡಪ್ಪನೋ ಇದ್ದರೆ ಭೂತಗನ್ನಡಿ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. ಎಂಜಿನ್ ನಂಬರು ಕೇಳುವ ಮೊದಲು ಪಕ್ಕದಲ್ಲಿ ನಿಂತವರ ಹೆಸರು ಕೇಳಿ. ಯಾವ ಶೆಡ್ಡು, ಯಾವ ಗಾಡಿ, ಫೈರ್‌ಮನ್ ಯಾರು, ಅಂದು ಇದ್ದಲು ಒಳ್ಳೆಯದಿತ್ತೇ ಎಂದು ಕೇಳಿ. ಹೇಳಿದ್ದನ್ನು ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಒತ್ತದೆ, ಫೋಟೋದ ಬೆನ್ನಿನ ಮೇಲೆ ಬರೆಯಿರಿ. ಬಾಲ್‌ಪೆನ್ನು ಮುಂದಿನ ಬದಿಗೆ ಉಬ್ಬುತ್ತದೆ. ಬರೆದ ತಾರೀಕನ್ನೂ, ಹೇಳಿದವರ ಹೆಸರನ್ನೂ ಸೇರಿಸಿ.