ಪೊರಕೆಗೆ ಮೊದಲು ಓದು: ಗೋರಿಗಲ್ಲು, ವೀರಗಲ್ಲು ಮತ್ತು ನಮ್ಮ ವಿದ್ಯಾರ್ಥಿಗಳು

ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಇಳಿದವರು ಮೈಸೂರು ದಾಟಿ ಶ್ರೀರಂಗಪಟ್ಟಣ ತಲುಪೋದಕ್ಕೆ ಒಂದು ಗಂಟೆ ಸಾಕು. ದರಿಯಾ ದೌಲತ್, ಗುಂಬಜ್, ರಂಗನಾಥಸ್ವಾಮಿ ದೇವಸ್ಥಾನ ಎಲ್ಲರೂ ನೋಡ್ತಾರೆ. ಕಾವೇರಿ ದಂಡೆಯಲ್ಲಿ, ಸ್ಕಾಟ್ಸ್ ಬಂಗಲೆಯ ಹತ್ತಿರ ಇರುವ ಗ್ಯಾರಿಸನ್ ಸ್ಮಶಾನದ ಕಡೆ ಹೋಗುವವರು ಕಡಿಮೆ. ಹೋದವರಲ್ಲೂ ಫೋಟೋ ತೆಗೆದುಕೊಂಡು ಬಂದವರೇ ಹೆಚ್ಚು, ಕಲ್ಲಿನ ಬರಹ ಓದಿ ಬಂದವರು ಬೆರಳೆಣಿಕೆ. ಶಾಸನಾಸಕ್ತರಿಗೆ ಇದು ಸಣ್ಣ ವಿಷಯ ಅಲ್ಲ. ಓದದೆ ಬಿಟ್ಟ ಕಲ್ಲಿನ ಮೇಲೆ ಯಾರು ಏನು ಬೇಕಾದರೂ ಹೇಳಬಹುದು.

ಉದಾಹರಣೆ ಇದೇ ಸ್ಮಶಾನದಲ್ಲಿದೆ. 1799ರ ಅಂತಿಮ ಯುದ್ಧದಲ್ಲಿ ಟಿಪ್ಪುವಿನ ವಿರುದ್ಧ ಹೋರಾಡಿ ಸತ್ತ ಯುರೋಪಿಯನ್ ಅಧಿಕಾರಿಗಳು ಮತ್ತು ಅವರ ಕುಟುಂಬದವರ 307 ಗೋರಿಗಳು ಇಲ್ಲಿವೆ ಅಂತ ಅಂತರ್ಜಾಲದಲ್ಲಿ ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆಯುತ್ತಾ ಬಂದಿದ್ದಾರೆ. ಅದೇ ಬರಹಗಳಲ್ಲಿ ಎರಡು ಸಾಲು ಕೆಳಗೆ, ಗೋರಿಗಳ ಕಾಲ 1800ರಿಂದ 1860ರ ದಶಕದವರೆಗೆ ಅಂತಲೂ ಇರುತ್ತೆ! ಕೋಟೆ ಬಿದ್ದದ್ದು 1799ರ ಮೇ 4ರಂದು. ಆಮೇಲಿನ ವರ್ಷಗಳಲ್ಲಿ ಸತ್ತವರು ಆ ಯುದ್ಧದಲ್ಲಿ ಮಡಿದವರು ಹೇಗಾಗ್ತಾರೆ? ಮುತ್ತಿಗೆಯಲ್ಲಿ ಸತ್ತವರ ಹೆಸರುಗಳಿರುವುದು ಬೇರೆ ಕಡೆ, 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಸ್ಮಾರಕ ಸ್ತಂಭದಲ್ಲಿ. ಗ್ಯಾರಿಸನ್ ಸ್ಮಶಾನ ಯುದ್ಧ ಮುಗಿದ ಮೇಲೆ ಇಲ್ಲಿ ಬೀಡುಬಿಟ್ಟ ದಂಡಿನ ಸ್ಮಶಾನ. ಈ ದ್ವೀಪದ ಜ್ವರಕ್ಕೆ ಹೆದರಿಯೇ ಬ್ರಿಟಿಷರು 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದ್ದು. ಬೆಂಗಳೂರು ದಂಡುಪ್ರದೇಶದ ಕಥೆ ಒಂದು ರೀತಿಯಲ್ಲಿ ಈ ಗೋರಿಗಳ ನಡುವೆಯೇ ಶುರುವಾಗುತ್ತೆ. ಇದನ್ನು ಕಂಡುಹಿಡಿಯಲು ದೊಡ್ಡ ವಿದ್ವತ್ತೇನೂ ಬೇಡ. ಹತ್ತನೇ ತರಗತಿ ಹುಡುಗಿಯೊಬ್ಬಳು ಕಲ್ಲುಗಳ ಮೇಲಿನ ಇಸವಿಗಳನ್ನು ಒಂದು ಪಟ್ಟಿ ಮಾಡಿದರೆ ಸಾಕು.

ಇಲ್ಲಿನ ಸುಮಾರು 80 ಗೋರಿಗಳು ಡಿ ಮ್ಯುರಾನ್ ರೆಜಿಮೆಂಟಿಗೆ ಸೇರಿದವು. 1781ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಡಚ್ಚರಿಗಾಗಿ ಕಟ್ಟಿದ ಬಾಡಿಗೆ ಪಡೆ ಅದು. 1795ರಲ್ಲಿ ಸಿಲೋನಿನಲ್ಲಿ ಬ್ರಿಟಿಷರ ಕಡೆ ಸೇರಿತು, 1799ರ ಮುತ್ತಿಗೆಯಲ್ಲಿ ಪಾಲ್ಗೊಂಡಿತು, 1806ರಲ್ಲಿ ಭಾರತ ಬಿಟ್ಟಿತು. ಅಂದರೆ, ಇಸವಿ ಅಳಿಸಿಹೋದ ಕಲ್ಲಿನಲ್ಲಿ ಈ ರೆಜಿಮೆಂಟಿನ ಹೆಸರೊಂದು ಉಳಿದಿದ್ದರೂ, ಅದು ಬಹುಮಟ್ಟಿಗೆ 1806ರ ಒಳಗಿನದು ಅನ್ನಬಹುದು. ಶಕವರ್ಷ ಒಡೆದುಹೋದ ಶಾಸನದಲ್ಲಿ ರಾಜನ ಹೆಸರು, ಬಿರುದು ಹಿಡಿದು ನಾವು ಕಾಲ ಹೇಳೋದೂ ಹೀಗೇ ಅಲ್ವೆ? ಲಿಪಿ ಬೇರೆ, ವಿಧಾನ ಒಂದೇ.

2007-08ರ ಹೊತ್ತಿಗೆ ಡಿ ಮ್ಯುರಾನ್ ವಂಶಸ್ಥರ ಮುತುವರ್ಜಿಯಿಂದ ಇಲ್ಲಿ ದುರಸ್ತಿ ನಡೆಯಿತು. ಎಲ್ಲೋ ಇರುವವರು ಇನ್ನೂರು ವರ್ಷ ಹಿಂದಿನ ಹಿರಿಯರಿಗಾಗಿ ಇಷ್ಟು ದೂರ ಬಂದದ್ದು ಮೆಚ್ಚಬೇಕಾದ ಕೆಲಸ. ಆದರೆ ಗಾರೆ ಕೆಲಸ ಒಂದು, ಓದಿನ ಕೆಲಸ ಇನ್ನೊಂದು. ಎರಡನೆಯದು ಸ್ಥಳೀಯರದು. ಅಲ್ಲೇ ವಿದ್ಯಾರ್ಥಿಗಳ ಪಾತ್ರ ಬರೋದು.

ಈಗ ನಮ್ಮಲ್ಲಿ ವಿದ್ಯಾರ್ಥಿಗಳನ್ನು ಸ್ಮಾರಕದ ಹತ್ತಿರ ಕರೆದೊಯ್ಯುವುದು ಸಾಮಾನ್ಯವಾಗಿ ಶ್ರಮದಾನದ ಹೆಸರಲ್ಲಿ. ಬೆಳಿಗ್ಗೆ ಬ್ಯಾನರ್, ಮಧ್ಯಾಹ್ನ ಪಲಾವ್, ಸಂಜೆ ಗ್ರೂಪ್ ಫೋಟೋ. ಗಿಡಗಂಟಿ ಕಡಿದರೆ ತೊಂದರೆ ಇಲ್ಲ. ಕಲ್ಲಿನ ಮೇಲೆ ಕೈ ಇಟ್ಟಾಗ ತೊಂದರೆ ಶುರು. ತಂತಿ ಬ್ರಷ್ಷಿನಲ್ಲಿ ಉಜ್ಜುತ್ತಾರೆ, ಆಸಿಡ್ ಸುರಿಯುತ್ತಾರೆ, ಓದಲು ಸುಲಭವಾಗಲಿ ಅಂತ ಅಕ್ಷರಕ್ಕೆ ಆಯಿಲ್ ಪೇಂಟ್ ತುಂಬುತ್ತಾರೆ, ಬಿರುಕಿಗೆ ಸಿಮೆಂಟ್ ಮೆತ್ತುತ್ತಾರೆ. ತಂತಿ ಬ್ರಷ್ಷು ಪಾಚಿಯ ಜೊತೆ ಕಲ್ಲಿನ ಮೇಲ್ಪದರವನ್ನೂ ಕೀಳುತ್ತೆ. ಅಮೃತಶಿಲೆಗೆ ಆಸಿಡ್ ಬಿದ್ದರೆ ಅಕ್ಷರ ಕರಗಿದ ಹಾಗೇ. ಇಟ್ಟಿಗೆ, ಸುಣ್ಣದ ಗಾರೆಯ ಗೋರಿಗೆ ಸಿಮೆಂಟ್ ಹಚ್ಚಿದರೆ ಒಳಗಿನ ತೇವ ಹೊರಬರಲಾಗದೆ ಇಟ್ಟಿಗೆಯನ್ನೇ ತಿನ್ನುತ್ತೆ. ಪೇಂಟ್ ತುಂಬಿದವನು ತಾನು ಊಹಿಸಿದ ಅಕ್ಷರವನ್ನು ತುಂಬಿರುತ್ತಾನೆ, ಮುಂದಿನವರು ಅದನ್ನೇ ಶಾಸನ ಅಂತ ಓದುತ್ತಾರೆ. ಇಲ್ಲಿ ಹುಡುಗರ ಮೇಲೆ ಸಿಟ್ಟಾಗಿ ಪ್ರಯೋಜನ ಇಲ್ಲ. ಅವರ ಕೈಗೆ ಪೊರಕೆ ಕೊಟ್ಟು, ಓದು ಕೊಡದೇ ಇದ್ದವರು ನಾವು.

ಇನ್ನೊಂದು ಆಕ್ಷೇಪ. ಚಾರಿತ್ರಿಕ ಸ್ಮಶಾನ ಅಂದ ಕೂಡಲೇ ನಮ್ಮ ಕಣ್ಣಿಗೆ ಬ್ರಿಟಿಷರ ಗೋರಿ ಮಾತ್ರ ಬರುತ್ತೆ. ಸತ್ತವರಿಗೆ ಕಲ್ಲು ನಿಲ್ಲಿಸಿ ಬರೆಸುವುದು ನಮ್ಮ ನೆಲದ ಹಳೇ ಪದ್ಧತಿ. ತಿರುಮಕೂಡಲು ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ 9ನೇ ಶತಮಾನದ ನಿಸಿಧಿಗಲ್ಲಿನಲ್ಲಿ, ಪ್ರಾಣ ಬಿಡುತ್ತಿರುವ ಗಂಗರಾಜ ನೀತಿಮಾರ್ಗನನ್ನು ಸೇವಕ ಅಗರಯ್ಯ ಆತುಕೊಂಡು ಕೂತಿದ್ದಾನೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, 10ನೇ ಶತಮಾನದ ಮಧ್ಯದಲ್ಲಿ, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಗೆ ಮಣಲೇರ ಕಲ್ಲು ನಿಲ್ಲಿಸಿದ. ತಕ್ಕೋಲದ ಯುದ್ಧದ ಸುದ್ದಿ ನಮಗೆ ಸಿಗುವುದೂ ಅದೇ ಕಲ್ಲಿನಲ್ಲಿ! ನಾಯಿಯ ಸ್ಮಾರಕ ಅಂತ ಯಾರಾದರೂ ಅದನ್ನು ಬದಿಗೆ ಸರಿಸಿದ್ದರೆ ರಾಷ್ಟ್ರಕೂಟ-ಚೋಳರ ಚರಿತ್ರೆಯ ಒಂದು ಪುಟವೇ ಹೋಗುತ್ತಿತ್ತು. ಗೋರಿಗಲ್ಲು ಓದಲು ಕಲಿತ ವಿದ್ಯಾರ್ಥಿ ತನ್ನ ಊರಿನ ವೀರಗಲ್ಲು, ಮಾಸ್ತಿಗಲ್ಲಿನ ಮುಂದೆಯೂ ಒಂದು ಗಳಿಗೆ ನಿಲ್ಲಬೇಕು. ಅವು ಪ್ರತ್ಯೇಕ ಪಾಠಗಳಲ್ಲ.

ಹಾಗಾದರೆ ಏನು ಮಾಡಿಸಬಹುದು? ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರಿಗೆ ವರ್ಷಕ್ಕೆ 120 ಗಂಟೆಗಳ ಸೇವೆ, ಜೊತೆಗೆ ಏಳು ದಿನದ ಶಿಬಿರ ಇದೆ. ಸಮಯ ಇದೆ, ಕ್ರಮ ಬೇಕು. ಮೊದಲು ನಕ್ಷೆ ಬರೆದು ಪ್ರತಿ ಕಲ್ಲಿಗೂ ಒಂದು ಸಂಖ್ಯೆ ಕೊಡಲಿ, ಆ ಸಂಖ್ಯೆ ಕಾಗದದ ಮೇಲಿರಲಿ, ಕಲ್ಲಿನ ಮೇಲೆ ಬೇಡ. ಸಂಜೆ ಓರೆಯಾಗಿ ಟಾರ್ಚ್ ಹಿಡಿದು ಫೋಟೋ ತೆಗೆಯಲಿ. ಹಗಲಲ್ಲಿ ಕಾಣದ ಅಕ್ಷರ ನೆರಳಿನಲ್ಲಿ ಎದ್ದು ಬರುತ್ತೆ. ಆಮೇಲೆ ಇಬ್ಬರು ಬೇರೆ ಬೇರೆ ಕೂತು ಓದಲಿ. ಓದು ಕೂಡದ ಕಡೆ, ಅನುಮಾನದ ಅಕ್ಷರವನ್ನು ಕಂಸದಲ್ಲಿಟ್ಟು, ಕಾಣದ್ದಕ್ಕೆ ಚುಕ್ಕಿ ಹಾಕಲಿ. ಕೊನೆಗೆ ತಜ್ಞರು ನೋಡಲಿ. ಸ್ವಚ್ಛತೆ, ಪಡಿಯಚ್ಚು ಎಲ್ಲ ಇದಾದ ಮೇಲೆ, ಇಲಾಖೆಯ ಅನುಮತಿ ಪಡೆದು, ಅವರ ಎದುರಲ್ಲೇ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆಯಲ್ಲಿ ಜೈಲು ಶಿಕ್ಷೆಯೂ ಇದೆ, ಉದ್ದೇಶ ಎಷ್ಟೇ ಒಳ್ಳೆಯದಿರಲಿ.

ವಿದ್ಯಾರ್ಥಿಗಳು ತಪ್ಪು ಓದುತ್ತಾರೆ, ಅವರ ಓದು ಪ್ರಮಾಣ ಹೇಗಾದೀತು ಅಂತ ಹಿರಿಯರು ಕೇಳಬಹುದು. ತಪ್ಪು ಓದಲಿ ಬಿಡಿ, ಫೋಟೋ ಇದ್ದರೆ ನಾಳೆ ತಿದ್ದಬಹುದು. ತಂತಿ ಬ್ರಷ್ಷು ಅಳಿಸಿದ್ದನ್ನು ಯಾವ ತಜ್ಞರೂ ತಿದ್ದಲಾರರು. ತಜ್ಞರಿಗಾಗಿ ದೂರ ಹೋಗಬೇಕಾಗಿಯೂ ಇಲ್ಲ. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಶಾಸನ ವಿಭಾಗ ಇರುವುದು ಮೈಸೂರಿನಲ್ಲೇ. ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಸಂಪುಟಗಳು ಹೊರಬಂದದ್ದೂ ಮೈಸೂರು ವಿಶ್ವವಿದ್ಯಾನಿಲಯದಿಂದಲೇ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುತ್ತಿದೆ. 1976ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ದಕ್ಷಿಣ ಏಷ್ಯಾ ಸ್ಮಶಾನಗಳ ಸಂಘವೂ ಗೋರಿ ದುರಸ್ತಿಯ ಜೊತೆಜೊತೆಗೇ ಬರಹಗಳ ದಾಖಲೆ ಮಾಡಿ ಬ್ರಿಟಿಷ್ ಲೈಬ್ರರಿಗೆ ಸೇರಿಸುತ್ತಾ ಬಂದಿದೆ. ಕಲ್ಲು ಹೋದರೂ ಪಾಠ ಉಳಿಯಲಿ ಅನ್ನೋದೇ ಇದರ ಅರ್ಥ.

ಇದಕ್ಕೆ ಅವಸರವೂ ಇದೆ. ಮಂಡಕಳ್ಳಿಯ 1,740 ಮೀಟರ್ ರನ್‌ವೇಯನ್ನು ಉದ್ದ ಮಾಡುವ ಯೋಜನೆ ವರ್ಷಗಳಿಂದ ಮಾತಿನಲ್ಲಿದೆ. ನಂಜನಗೂಡು ರಸ್ತೆಯ ಎರಡೂ ಬದಿ ಬಡಾವಣೆಗಳು ಬೆಳೆಯುತ್ತಿವೆ. ನೆಲ ಅಳೆಯುವವರ ಪಟ್ಟಿಯಲ್ಲಿ ಬಾವಿ, ತೆಂಗಿನಮರ, ಮನೆಗೆಲ್ಲ ಲೆಕ್ಕ ಇರುತ್ತೆ, ಹೊಲದ ಬದುವಿನ ಬರಹದ ಕಲ್ಲಿಗೆ ಇರೋದಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಸಿಕ್ಕಿದ್ದು ಚರಂಡಿ ಅಗೆಯುವಾಗ. ಆಸಕ್ತರ ಕಣ್ಣಿಗೆ ಬಿತ್ತು, ಉಳಿಯಿತು. ಪ್ರತಿ ಜೆಸಿಬಿಯ ಪಕ್ಕದಲ್ಲೂ ಆಸಕ್ತರು ನಿಂತಿರೋದಿಲ್ಲ. ಈ ಸುತ್ತಿನ ಶಾಲಾ ಕಾಲೇಜುಗಳು ತಮ್ಮ ತಮ್ಮ ಊರಿನ ಸ್ಮಶಾನ, ಗುಡಿ, ಕೆರೆ ಏರಿ, ಹೊಲದ ಬದುಗಳಲ್ಲಿರುವ ಕಲ್ಲುಗಳ ಪಟ್ಟಿಯನ್ನು ಈ ವರ್ಷವೇ ಮಾಡಿಟ್ಟರೆ, ಮುಂದೆ ಅಲ್ಲಿ ಜೆಸಿಬಿ ಬಂದ ದಿನ ಆ ಪಟ್ಟಿ ಹಿಡಿದುಕೊಂಡು ಮಾತಾಡಬಹುದು.